ವರಾಂಡದಲ್ಲಿ ನಿಂತ ಬಸ್ಸು

ನಮ್ಮ ಮಾವನವರಿಗೆ ಮನೆಗೂ ಬಸ್ಸಿಗೂ ಇರುವ ವ್ಯತ್ಯಾಸ ಕೊನೆಯವರೆಗೂ ಗೊತ್ತಾಗಲಿಲ್ಲ. ಇದನ್ನು ಅಳಿಯನ ಕುಹಕ ಎಂದು ತಿಳಿಯಬೇಡಿ. ಜೀವಮಾನವೆಲ್ಲ ಸರ್ಕಾರಿ ಬಸ್ಸಿನಲ್ಲಿ, ಅದೂ ಮಂಗಳೂರು ರೂಟಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ, ನಾನು ಊಟಕ್ಕೆ ಸ್ವಲ್ಪ ಆರಾಮವಾಗಿ ಚಕ್ಕಳಮಕ್ಕಳ ಹಾಕಿ ಕೂತರೆ ಸಾಕು, "ಅಳಿಯಂದ್ರೆ, ವಸಿ ಒತ್ಕೊಂಡ್ ಕೂತ್ಕಳಿ, ಇನ್ನೂ ಇಬ್ರು ಇಡಿಸ್ತಾರೆ" ಎನ್ನುತ್ತಿದ್ದರು. ಯಾವ ಇಬ್ಬರು? ಮನೆಯಲ್ಲಿ ನಾನು, ನನ್ನ ಹೆಂಡತಿ, ಅತ್ತೆ, ಮಾವ ಬಿಟ್ಟರೆ ಒಂದು ಬೆಕ್ಕೂ ಇರಲಿಲ್ಲ!

ಮಗಳ ಮನೆಯಲ್ಲಿ ಬಂದು ಇರುವುದು ಅವರ ಆನೇಕಲ್ ಕಡೆ ಮರ್ಯಾದೆಯಲ್ಲ. ಆದರೆ ಅತ್ತೆಯವರಿಗೆ ಉಬ್ಬಸ, ಊರಿನಲ್ಲಿ ಒಳ್ಳೆಯ ಡಾಕ್ಟರಿಲ್ಲ. ಕೊನೆಗೆ ಮಾವನವರೇ ಒಂದು ದಾರಿ ಕಂಡುಕೊಂಡರು. "ನಾವೇನ್ ಇರಾಕ್ ಬಂದಿಲ್ಲ ಅಳಿಯಂದ್ರೆ, ಇದು ನೈಟ್ ಹಾಲ್ಟು" ಎಂದರು. ಬಸ್ಸು ರಾತ್ರಿ ಯಾವುದೋ ಊರಲ್ಲಿ ನಿಂತು ಬೆಳಗ್ಗೆ ಹೊರಡುತ್ತದಲ್ಲ, ಹಾಗಂತೆ. ಆ ನೈಟ್ ಹಾಲ್ಟಿಗೆ ಆರು ತಿಂಗಳು ದಾಟಿದರೂ ಬೆಳಗಾಗಲಿಲ್ಲ.

ನಮ್ಮದು ಪೀಣ್ಯ ದಾಟಿ ಮಾಕಳಿ ಕಡೆ ಹೋಗುವಾಗ ಬರುವ, ಕಾರ್ಖಾನೆ ನೌಕರರ ಬಡಾವಣೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಲ್ಲ ಮನೆಗಳೂ ಒಂದೇ ಅಚ್ಚು: ಮುಂದೆ ತೆರೆದ ವರಾಂಡ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಒಂದು ಸಂಜೆ ನಾನು ಪಕ್ಕದ ಮನೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಒಳಗಿನವರಿಗೆ ಕಾಫಿ ಕೊಡು ಎಂದು ಕೂಗಿದ್ದೆ. ಕೊಟ್ಟರು, ಪಾಪ. ಸುತ್ತ ಒಂದು ಮರವಿಲ್ಲ. ಮೇ ತಿಂಗಳ ಗಾಳಿ ಬಂತೆಂದರೆ ಒಬ್ಬರ ಸ್ಕೂಟರ್ ಶೆಡ್ಡಿನ ಶೀಟು ಇನ್ನೊಬ್ಬರ ಅಂಗಳದಲ್ಲಿ. ಮರುದಿನ ಎಲ್ಲರೂ ತಮ್ಮ ತಮ್ಮ ಶೀಟು ಹುಡುಕಿಕೊಂಡು ಹೊರಡುತ್ತಿದ್ದರು. ಬಡಾವಣೆಯಲ್ಲಿ ಸ್ನೇಹ ಬೆಳೆದದ್ದೇ ಹೀಗೆ.

ಇದನ್ನೆಲ್ಲ ನೋಡಿ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಒಂದು ನಿಯಮ ಮಾಡಿತು. "ಮನೆಯ ಮುಂಭಾಗದ ವರಾಂಡವನ್ನು ಯಾರೂ ಯಾವುದೇ ವಸ್ತುವಿನಿಂದ ಮುಚ್ಚತಕ್ಕದ್ದಲ್ಲ." ಎಷ್ಟು ಗಂಭೀರವಾಗಿದೆ ನೋಡಿ! ಬರೆದವನು ನಾನೇ. ಸಂಘದ ಕಾರ್ಯದರ್ಶಿ. ಆಯ್ಕೆಯ ದಿನ ನಾನು ಸಭೆಗೆ ಹೋಗಿರಲಿಲ್ಲ. ಬೇಡ ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನೇ ಆರಿಸಿದರು.

ನಿಯಮಕ್ಕೆ ಮೊದಲ ಪೆಟ್ಟು ಕೊಟ್ಟವರು ನಮ್ಮ ಡಾಕ್ಟರು. ಅತ್ತೆಯವರಿಗೆ ಬಿಸಿಲು ಬೀಳಬೇಕು, ಗಾಳಿ ಧೂಳು ಮಾತ್ರ ತಾಗಬಾರದು ಎಂದುಬಿಟ್ಟರು. ಪೀಣ್ಯದಲ್ಲಿ ಧೂಳಿಲ್ಲದ ಬಿಸಿಲು ಎಲ್ಲಿದೆ? ಹೊಲಗದ್ದೆಯಲ್ಲಿ ಬೆಳೆದ ಹೆಂಗಸು, ಕಿಟಕಿ ಮುಚ್ಚಿದ ನಡುಮನೆಯಲ್ಲಿ ದಿನವಿಡೀ ಗೋಡೆ ನೋಡಿಕೊಂಡು ಕೂರುತ್ತಿದ್ದರು. ರಸ್ತೆಯಲ್ಲಿ ಹೂವಿನವಳು ಕೂಗಿದರೆ, ಅವಳ ಮುಖ ಹೇಗಿದೆ ಎಂದು ಮಗಳನ್ನು ಕೇಳುತ್ತಿದ್ದರು. ಮಾವನವರಿಗೆ ಇದನ್ನು ಸಹಿಸಲಾಗಲಿಲ್ಲ. ವರಾಂಡಕ್ಕೆ ಗಾಜು ಹಾಕಿಸಿ ಅವಳನ್ನು ಬಿಸಿಲಲ್ಲಿ ಕೂರಿಸುತ್ತೇನೆ ಎಂದು ಹಟ ಹಿಡಿದರು.

ನಾನು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನವನು. ಸುಮ್ಮನಿರಲು ಸಾಧ್ಯವೇ? ಎರಡು ಭಾನುವಾರ ಕೂತು, ಮೂರು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಬರೆದೆ. ಸೂರ್ಯ ಯಾವ ತಿಂಗಳಲ್ಲಿ ಯಾವ ಕೋನದಲ್ಲಿ ಬರುತ್ತಾನೆ ಎಂದು ಬಾಣದ ಗುರುತು ಹಾಕಿದೆ. ಮಾವನವರು ನಕ್ಷೆಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗದೆ. ಬಾಗ್ಲು ಎಲ್ಲಿ?" ಎಂದರು. ಬಾಗಿಲು ಬರೆದಿರಲಿಲ್ಲ. ಅತ್ತೆಯವರನ್ನು ಒಳಗೆ ಕೂರಿಸಿದ ಮೇಲೆ ಹೊರಗೆ ಕರೆತರುವ ಯೋಚನೆ ನನಗೆ ಬಂದೇ ಇರಲಿಲ್ಲ! ಆ ನಕ್ಷೆ ಆಮೇಲೆ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಕೆಳಗೆ ಬಹಳ ಕಾಲ ಬಾಳಿತು.

ಮಾರನೆಯ ವಾರ ನಾನು ಕೆಲಸ ಮುಗಿಸಿ ಬರುವಾಗ ಮನೆ ಮುಂದೆ ಒಂದು ಟೆಂಪೋ. ಅದರ ತುಂಬ ಬಸ್ಸಿನ ಕಿಟಕಿಗಳು! ಗುಜರಿಗೆ ಬಂದ ಹಳೆಯ ಬಸ್ಸನ್ನು ಒಡೆಯುವಲ್ಲಿ ಹೋಗಿ, ಕಂಬಿ ಸಮೇತ, ಸರಿಸುವ ಗಾಜು ಸಮೇತ ಎತ್ತಿಕೊಂಡು ಬಂದಿದ್ದರು ಮಾವ. ಅವರ ಮುಖ ನೋಡಬೇಕಿತ್ತು, ಮದುಮಗನ ಕಳೆ! ಬೆಸುಗೆಯವನನ್ನು ಕರೆಸಿ ಭಾನುವಾರದೊಳಗೆ ಕೂರಿಸಿಯೇಬಿಟ್ಟರು. "ಕೈ ತಲೆ ಹೊರಗೆ ಚಾಚಬೇಡಿ" ಎಂಬ ಬರಹವಿದ್ದ ಕಿಟಕಿ ರಸ್ತೆ ಕಡೆಗೆ. "ಮಹಿಳೆಯರಿಗೆ" ಎಂಬ ತಗಡು ಅತ್ತೆಯವರಿಗೆಂದು ಹಾಕಿಸಿದ ಬೆಂಚಿನ ಮೇಲೆ. ಹಿಡಿದುಕೊಳ್ಳಲು ಮೇಲೆ ಒಂದು ಸರಳು ಕೂಡ ಹಾಕಿಸಿದ್ದರು. ಯಾಕೆ ಎಂದು ಕೇಳಿದೆ. "ಬ್ರೇಕ್ ಆಕುದ್ರೆ?" ಎಂದರು.

ಇನ್ನು ಕಾರ್ಯದರ್ಶಿಯ ಪಾಡು! ಸಂಘದ ಅಧ್ಯಕ್ಷರು ನೋಟಿಸು ಕೊಡಿ ಎಂದು ಪಟ್ಟು ಹಿಡಿದರು. ನನ್ನ ಸಹಿ ಹಾಕಿ, ನನ್ನ ಹೆಸರಿಗೇ ಒಂದು ನೋಟಿಸು ಬರೆದೆ. ನನ್ನ ಕೈಯಿಂದ ನನ್ನ ಕೈಗೇ ಕೊಟ್ಟುಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ಮಾವನವರ ಕೈಗೆ ಕೊಟ್ಟೆ.

"ಯಾರು ಕಳ್ಸಿರೋದು?"

"ನಾನೇ."

"ಯಾರ್ಗೆ?"

"ನನಗೇ."

"ಮತ್ತೆ ನಡುವೆ ನಾನ್ಯಾಕೆ ಅಳಿಯಂದ್ರೆ? ನೀವ್ನೀವೇ ಮಾತಾಡ್ಕಳಿ!"

ಕೊನೆಗೆ ಅಧ್ಯಕ್ಷರೇ ಪರಿಶೀಲನೆಗೆ ಬಂದರು. ಮುಖ ಬಿಗಿದುಕೊಂಡು ಬೆಂಚಿನ ಮೇಲೆ ಕೂತು, "ನೋಡಿ ಸ್ವಾಮಿ, ಇದು ಕಾನೂನು..." ಎಂದು ಶುರು ಮಾಡಿದರು. ಮಾವನವರು ಕಂಡಕ್ಟರ್ ಕಂಠದಲ್ಲಿ, "ಸಾರ್, ಎದ್ದೇಳಿ, ಅದು ಎಂಗಸ್ರ ಸೀಟು!" ಎಂದರು. ಅಧ್ಯಕ್ಷರು ಥಟ್ಟನೆ ಎದ್ದು ನಿಂತು ಮೇಲಿನ ಸರಳು ಹಿಡಿದುಕೊಂಡರು! ನಮ್ಮ ಬಸ್ಸುಗಳಲ್ಲಿ ಓಡಾಡಿದವರ ಮೈಗೆ ಆ ಮಾತು ಹಾಗೆ ಹತ್ತಿರುತ್ತದೆ. ಹಾಗೆ ನೇತಾಡಿಕೊಂಡು ಕಿಟಕಿ ಕೀಳಿಸಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? "ಮೇ ಗಾಳಿ ಬರಲಿ. ಒಂದೇ ಒಂದು ಗಾಜು ಕಿತ್ತು ಬಂದರೂ ಎಲ್ಲ ತೆಗೀಬೇಕು" ಎಂದು ಹೇಳಿ ಹೋದರು.

ಸಂಘವನ್ನು ಗೆದ್ದಾಯಿತು. ಆದರೆ ಮಾವನವರು ಒಂದು ವಿಷಯ ಮರೆತಿದ್ದರು. ಮರೆಯುವಂಥದ್ದೇ ಅಲ್ಲ ಅದು. ಅತ್ತೆಯವರಿಗೆ ಬಸ್ಸು ಆಗುವುದಿಲ್ಲ! ಹತ್ತಿ ಎರಡು ಸ್ಟಾಪು ದಾಟುವುದರೊಳಗೆ ವಾಂತಿ. ಕಂಡಕ್ಟರ್ ಹೆಂಡತಿಗೆಂದು ವರ್ಷ ವರ್ಷ ಕೊಡುತ್ತಿದ್ದ ಪಾಸು ಒಮ್ಮೆಯೂ ಬಸ್ಸಿನ ಮುಖ ಕಂಡದ್ದಿಲ್ಲ. ನಮ್ಮ ಮನೆಗೆ ಬಂದದ್ದೂ ಲಾರಿಯ ಮುಂದಿನ ಸೀಟಿನಲ್ಲಿ, ಚಂದಾಪುರದಿಂದ ಹೊಸೂರು ರಸ್ತೆಯುದ್ದಕ್ಕೂ ಗುರುತು ಬಿಟ್ಟುಕೊಂಡು. ಗಂಡ ಊರೂರು ಸುತ್ತಿದ, ಹೆಂಡತಿ ಹೊಸಿಲಲ್ಲೇ ಉಳಿದಳು.

ಅತ್ತೆಯವರನ್ನು ಮೊದಲ ಸಲ ಕೂರಿಸಿದ ದಿನ ಬಿಸಿಲು ಬಂಗಾರದಂತಿತ್ತು. ಆಕೆ ಕೈ ಚಾಚಿ ಬಿಸಿಲನ್ನು ಮುಟ್ಟಿ ನೋಡಿಕೊಂಡರು. ಅಷ್ಟರಲ್ಲಿ ಸಣ್ಣ ಗಾಳಿ ಬೀಸಿತು. ಕಿಟಕಿಗಳೆಲ್ಲ ಒಟ್ಟಿಗೆ ಗಡಗಡ ಎಂದವು. ಹಳೆಯ ಬಸ್ಸಿನ ಗಾಜು ತನ್ನ ಕಸುಬು ಬಿಡುತ್ತದೆಯೇ? ಅತ್ತೆಯವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಇದು ಬಸ್ಸೇ ಕಣ್ರೀ!" ಎಂದವರೇ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದರು.

ಮಾವ ಸೈಕಲ್ ಟ್ಯೂಬು ಕತ್ತರಿಸಿ ಸಂದಿಗೆ ತುರುಕಿದರು. ನಾನು ಕಂಪನ ತಡೆಯುವ ಶಾಸ್ತ್ರವನ್ನು ವಿವರಿಸಿ ನನ್ನ ಹಳೆಯ ಕಾಲುಚೀಲಗಳನ್ನು ದಾನ ಮಾಡಿದೆ. ಈ ಕಿಟಕಿ ಸುಮ್ಮನಾದರೆ ಆ ಕಿಟಕಿ ಬಡಿದುಕೊಳ್ಳುತ್ತಿತ್ತು. ನನ್ನ ಹೆಂಡತಿ ಮೂಗು ಹಿಡಿದುಕೊಂಡು, "ಅಮ್ಮನಿಗೆ ಮೊದಲು ಬಸ್ಸಿನಿಂದ ಮಾತ್ರ ವಾಂತಿ ಬರುತ್ತಿತ್ತು, ಈಗ ನಿಮ್ಮ ಕಾಲುಚೀಲದಿಂದಲೂ ಬರುತ್ತೆ" ಎಂದಳು. ಅತ್ತೆ ಮತ್ತೆ ಗೋಡೆ ನೋಡಿಕೊಂಡು ನಡುಮನೆಯಲ್ಲಿ ಕೂತರು. ಮಾವನವರು ದಿನಾ ಬೆಳಗ್ಗೆ ಆ ಖಾಲಿ ಬೆಂಚನ್ನು ಒರೆಸಿ, ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದರು. 

ಮೇ ತಿಂಗಳ ಒಂದು ಸಂಜೆ ಆ ಗಾಳಿ ಬಂತು. ಆಕಾಶ ಕಪ್ಪಾಗಿ, ಧೂಳೆದ್ದು, ಎದುರು ಮನೆಯ ಶೀಟು ನಮ್ಮ ಕಣ್ಣ ಮುಂದೆಯೇ ಹಾರಿಹೋಯಿತು. ಮಾವ ಓಡಿ ಬಂದು ಎರಡೂ ಕೈಯಲ್ಲಿ ಕಿಟಕಿಗಳನ್ನು ಒತ್ತಿ ಹಿಡಿದರು. ನಾನೂ ಹೋಗಿ ಇನ್ನೊಂದು ತುದಿಯ ಗಾಜಿಗೆ ಬೆನ್ನು ಕೊಟ್ಟೆ. ನೂರು ಬಸ್ಸು ಒಟ್ಟಿಗೆ ಹೊರಟ ಸದ್ದು! ಆ ಸದ್ದಿನಲ್ಲಿ ಒಂದೇ ಒಂದು ಗಾಜು ಕಳಚಿ ಅಂಗಳಕ್ಕೆ ಬಿತ್ತು. ಯಾವುದು ಎಂದಿರಿ? ನಾನು ಬೆನ್ನು ಕೊಟ್ಟಿದ್ದೇ! ಮಳೆ ನೇರವಾಗಿ ನನ್ನ ಅಂಗಿಯೊಳಗೆ ಇಳಿಯಿತು. ಗಾಳಿ ಒಳಗೆ ನುಗ್ಗದಂತೆ ನನ್ನ ಬೆನ್ನನ್ನೇ ಆ ಕಿಂಡಿಗೆ ತುಂಬಿ ನಿಂತೆ. ಸಂಘದ ನಿಯಮದಲ್ಲಿ ಕಾರ್ಯದರ್ಶಿಯಿಂದ ಮುಚ್ಚಬಾರದು ಎಂದೇನೂ ಇರಲಿಲ್ಲವಲ್ಲ.

ಆಗ ನಡುಮನೆಯ ಬಾಗಿಲು ತೆರೆಯಿತು. ಅತ್ತೆಯವರು ಗೋಡೆ ಹಿಡಿದುಕೊಂಡು ಬಂದರು.

"ಒಳೀಕೋಗು, ನಿಂಗೆ ಆಗಾಕಿಲ್ಲ" ಎಂದರು ಮಾವ.

"ಆದಂಗ್ ಆಗ್ಲಿ. ನೀವೊಬ್ರೇ ಎಷ್ಟ್ ಒತ್ತು ನಿಂತ್ಕತೀರಾ?" ಎಂದು ಆಕೆ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಗಂಡನ ಅಂಗಿಯ ತುದಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಈಗ ಎಲ್ಗಂಟ ಬಂತು?" ಎಂದು ಕೇಳಿದರು.

ಮಾವನವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೆಲ್ಲಗೆ, "ನೆಲಮಂಗ್ಲ" ಎಂದರು. ಜೀವನವಿಡೀ ಕೂಗಿ ಕೂಗಿ ಒಡೆದ ಆ ದನಿ ಅಷ್ಟು ಮೆತ್ತಗಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ಕುಣಿಗಲ್ ಬಂತು, ಎಡಕ್ಕೆ ದೊಡ್ಡ ಕೆರೆ ಅದೆ. ಎಡೆಯೂರು... ಚನ್ನರಾಯಪಟ್ಣ. ಇಲ್ಲಿ ಬಿಸಿ ಇಡ್ಲಿ ಸಿಗ್ತದೆ. ಸಕಲೇಶಪುರ ದಾಟ್ತು, ಇನ್ ಘಾಟಿ. ತಿರುವು ಜಾಸ್ತಿ, ಗಟ್ಟಿಯಾಗ್ ಇಡ್ಕ." ಕಿಟಕಿಗಳು ಹುಚ್ಚೆದ್ದು ಬಡಿದುಕೊಳ್ಳುತ್ತಿದ್ದವು. ಅತ್ತೆಯವರು ಇನ್ನೊಂದು ಕೈಯನ್ನೂ ಚಾಚಿ ಅಂಗಿ ಹಿಡಿದುಕೊಂಡರು. ವಾಂತಿ ಬರಲಿಲ್ಲ.

ಮಾರನೆಯ ದಿನ ಅಧ್ಯಕ್ಷರು ಬಂದು ಕೇಳಿದಾಗ, ಒಂದು ಗಾಜೂ ಅಲುಗಲಿಲ್ಲ ಎಂದು ನಾನು ಆ ಕಿಂಡಿಗೆ ಬೆನ್ನು ಕೊಟ್ಟು ನಿಂತು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ಇಂದಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಆ ಸಂಜೆ ಕೊನೆಗೂ ಗಾಳಿ ನಿಂತಿತು. ಕಿಟಕಿಗಳು ಒಂದೊಂದಾಗಿ ಸುಮ್ಮನಾದವು. "ಇಳೀಬೋದು. ಮಂಗ್ಳೂರು. ಮುಂದೆಲ್ಲ ಬರೀ ಸಮುದ್ರ" ಎಂದರು ಮಾವ.

ಅತ್ತೆಯವರು ಕಣ್ಣು ತೆರೆದು, ತೊಳೆದಿಟ್ಟಂತಿದ್ದ ರಸ್ತೆಯನ್ನು ಬಹಳ ಹೊತ್ತು ನೋಡಿದರು.

"ಇಷ್ಟೇನಾ ದೂರ?" ಎಂದರು. "ಇಷ್ಟಕ್ಕಾ ನಾನು ನಿಮ್ಮನ್ನ ಅಷ್ಟು ವರ್ಷ ಒಬ್ರನ್ನೇ ಕಳ್ಸಿದ್ದು?"

 ಮಾವನವರು ಹೆಂಡತಿಯ ಪಕ್ಕದಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.