ಬಿಷಪ್ಪರ ಚಹಾ

ಭಾನುವಾರ ಬೆಳಿಗ್ಗೆ ಹ್ಯೂಬರ್ಟ್ ಪಿನ್ನಕ್ ತನ್ನ ಮೊಮ್ಮಗಳು ನೆಲ್ಲಿಯ ಕಾಲುಚೀಲಗಳನ್ನು ಹಿತ್ತಿಲ ಹಗ್ಗಕ್ಕೆ ಸಿಕ್ಕಿಸುತ್ತಿದ್ದಾಗ ಫೋನು ಬಂತು. ಅವನಿಗೆ ಪಾತ್ರ ಹುಡುಕಿಕೊಡುವ ಡಾಫ್ನಿ.

"ಬೇಜಾರ್ ಮಾಡ್ಕೋಬೇಡಿ. ಇವತ್ತಿನ ಟಿವಿ ನಾಟಕ ಉದ್ದ ಆಯ್ತಂತೆ. ನಿಮ್ಮ ಭಾಗ ಕತ್ತರಿಸಿದಾರೆ."

"ಎಷ್ಟು?"

"ಪೂರ್ತಿ."

"ಇದ್ದದ್ದೇ ಒಂದು ಮಾತು, ಡಾಫ್ನಿ."

"ಅದಕ್ಕೇ ಕತ್ತರಿಸೋದು ಸುಲಭ ಆಯ್ತಂತೆ."

ನಲವತ್ತು ವರ್ಷಗಳಲ್ಲಿ ಹ್ಯೂಬರ್ಟ್ ಹನ್ನೊಂದು ಸಲ ಪೊಲೀಸ್, ಒಂಬತ್ತು ಸಲ ಬಟ್ಲರ್, ಲೆಕ್ಕವಿಲ್ಲದಷ್ಟು ಸಲ ಹೆಣವಾಗಿದ್ದ. ದಾರಿಯಲ್ಲಿ ಸಿಕ್ಕವರು, "ನಿಮ್ಮನ್ನ ಎಲ್ಲೋ ನೋಡಿದೀನಿ. ನಮ್ಮನೆ ನಲ್ಲಿ ರಿಪೇರಿಗೆ ಬಂದಿದ್ರಾ?" ಎನ್ನುತ್ತಿದ್ದರು. ಏಳು ವರ್ಷದ ನೆಲ್ಲಿ ತೆರೆಯ ಮೇಲೆ ಕಂಡಿದ್ದು ತಾತನ ಬೆನ್ನನ್ನು ಮಾತ್ರ. ಈ ಸಲ ಮುಖವನ್ನೇ ತೋರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಬಿಷಪ್ಪರ ಮುಂದೆ ಟ್ರೇ ಇಟ್ಟು, "ಚಹಾ ಆರಿಹೋಗುತ್ತದೆ, ಪ್ರಭುಗಳೇ" ಎನ್ನುವ ಪಾತ್ರ. ತಿಂಗಳಿಡೀ ನೆಲ್ಲಿಯನ್ನೇ ಬಿಷಪ್ಪರನ್ನಾಗಿ ಕೂರಿಸಿ ಅಭ್ಯಾಸ ಮಾಡಿದ್ದ.

ಬೇಲಿಯ ಮೇಲೆ ಪಕ್ಕದ ಮನೆಯ ಮಿಸೆಸ್ ಟ್ರಬ್‌ಶಾ ತಲೆ ಮೂಡಿತು. "ನಾಲ್ಕು ಗಂಟೆಗೆ ಇಡೀ ಬೀದಿ ನಿಮ್ಮನೇಲೇ. ಹದಿನಾಲ್ಕು ಜನ. ಕುರ್ಚಿ ನಾವೇ ತರ್ತೀವಿ, ನೀವು ಗಾಬರಿ ಆಗ್ಬೇಡಿ."

ಹ್ಯೂಬರ್ಟ್ ಹೇಳಿಬಿಡೋಣವೆಂದು ಬಾಯಿ ತೆರೆದ. ನಲವತ್ತು ವರ್ಷದ ಅಭ್ಯಾಸ, ಮಾತಿಲ್ಲದೆ ಮುಚ್ಚಿದ.

ಮೂರೂವರೆಗೆ ಟಿವಿಯ ಹಿಂದಿನ ವೈರು ಕಿತ್ತು, ಆಗಲೇ ಕುರ್ಚಿ ಹೊತ್ತು ಬಂದವರಿಗೆ ಕೆಟ್ಟಿದೆ ಎಂದ. ನಿವೃತ್ತ ಎಲೆಕ್ಟ್ರಿಷಿಯನ್ ಸ್ಟಾಬ್ಸ್ ಆರು ವರ್ಷದಿಂದ ಇಂಥದ್ದೊಂದು ಅವಕಾಶಕ್ಕೆ ಕಾದವನಂತೆ ಸೂಟಿನಲ್ಲೇ ನೆಲಕ್ಕೆ ಬಿದ್ದು ಟಿವಿಯ ಹಿಂದೆ ತೂರಿದ.

"ವೈರ್ ಕಳಚಿತ್ತು ಅಷ್ಟೇ. ನಾನಿಲ್ದಿದ್ರೆ ಏನ್ಮಾಡ್ತಿದ್ರಿ?"

"ಹೇಗೋ ಬದುಕ್ಕೋತಿದ್ದೆ," ಎಂದು ಹ್ಯೂಬರ್ಟ್ ಗೊಣಗಿದ.

ನಾಟಕ ಶುರುವಾಯಿತು. ಎದೆಯ ಮೇಲೆ ಕುರಿಯೊಂದು ಮಲಗಿದೆಯೇನೋ ಎಂಬಂಥ ಗಡ್ಡ ಹೊತ್ತು ಬಿಷಪ್ಪರು ಬಂದರು.

"ಇವ್ರೇ ನಮ್ ಹ್ಯೂಬರ್ಟು. ಆ ಮೂಗು ನೋಡ್ರಿ," ಎಂದಳು ಮಿಸೆಸ್ ಟ್ರಬ್‌ಶಾ.

"ತಾತ, ಅದು..." ಎಂದು ನೆಲ್ಲಿ ಶುರುಮಾಡಿದಳು.

"ಶ್, ನಾಟಕದ ಮಧ್ಯೆ ಮಾತಾಡಬಾರ್ದು. ಕೇಕ್ ತಿನ್ನಮ್ಮ," ಎಂದ ಹ್ಯೂಬರ್ಟ್.

ಮಗು ಬಾಯಿ ತೆರೆದಾಗಲೆಲ್ಲ ಒಂದೊಂದು ತುಂಡು ಒಳಗೆ ಹೋಯಿತು. ಬಿಷಪ್ಪರಿಗೆ ಯಾರೋ ವಿಷ ಹಾಕಿದರು. ಅವರು ಎಂಟು ನಿಮಿಷ ತೆಗೆದುಕೊಂಡು ಸತ್ತರು. ಸ್ಟಾಬ್ಸ್ ಮೂಗು ಸೀಟಿದ. ಕೊನೆಗೆ ನಟರ ಹೆಸರುಗಳು ತೆರೆಯ ಮೂಲೆಯಲ್ಲಿ ಇರುವೆ ಸಾಲಿನಂತೆ ಓಡಿಹೋದವು. ಮುಂದಿನ ಕಾರ್ಯಕ್ರಮದ ಜಾಹೀರಾತು ಉಳಿದದ್ದನ್ನೆಲ್ಲ ನುಂಗಿತು.

ಮನೆ ತುಂಬ ಚಪ್ಪಾಳೆ. "ಮೂಗೊಂದಿಲ್ದಿದ್ರೆ ನಂಗೂ ಗುರ್ತು ಸಿಗ್ತಿರ್ಲಿಲ್ಲ. ನಟನೆ ಅಂದ್ರೆ ಇದು," ಎಂದು ಮಿಸೆಸ್ ಟ್ರಬ್‌ಶಾ ಕಣ್ಣೊರೆಸಿಕೊಂಡಳು.

ನಿಜ ಹೇಳಲೆಂದೇ ಹ್ಯೂಬರ್ಟ್ ಎದ್ದುನಿಂತ. ಆದರೆ ತನಗಾಗಿ ಬಿದ್ದ ಚಪ್ಪಾಳೆಯನ್ನು ಅವನು ಇದುವರೆಗೆ ಕೇಳಿದವನಲ್ಲ. ತಣ್ಣಗಾದ ಪಾದಗಳನ್ನು ಬಿಸಿನೀರಿಗೆ ಇಳಿಬಿಟ್ಟಂತಿತ್ತು ಅದು.

"ಗಡ್ಡದ ಅಂಟು ಬಹಳ ಕೆರೀತಿತ್ತು," ಎಂದ. ದನಿ ಆಗಲೇ ಬಿಷಪ್ಪರದಾಗಿತ್ತು. "ಮತ್ತೆ, ಎಂಟು ನಿಮಿಷ ಸಾಯೋದು ಎಲ್ರಿಂದ ಆಗೋ ಕೆಲ್ಸ ಅಲ್ಲ."

ಎಲ್ಲರೂ ಭಕ್ತಿಯಿಂದ ತಲೆದೂಗಿದರು. ಕೇಕ್ ಮುಗಿದಿತ್ತು. ನೆಲ್ಲಿ ಬಾಯೊರೆಸಿಕೊಂಡು, ತಿಂಗಳಿಡೀ ಕೂತಿದ್ದ ಬಿಷಪ್ಪರ ಗತ್ತಿನಲ್ಲೇ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದಳು:

"ತಾತ, ನೀನು ಚಹಾ ತರೋದು ಯಾವಾಗ?"