ಬೆಲ್ಟಿಗೆ ಉಜ್ಜಿದ ರಾಳ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಗಿರಿಜಾ ಹೇಳುತ್ತಾಳೆ. ಅದು ಸುಳ್ಳಲ್ಲ. ಆದರೆ ಕೇಳದೆ ಸಲಹೆ ಕೊಡುವವರನ್ನು ಕಂಡಾಗ ಬರುವ ಸಿಟ್ಟಿದೆಯಲ್ಲ, ಅದು ನ್ಯಾಯವಾದ ಸಿಟ್ಟು ಎಂದೇ ನಾನು ನಂಬಿದ್ದೆ. ನಮ್ಮ ಕಾರು ಕಿರುಗುಟ್ಟತೊಡಗಿದಾಗ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಎಲ್ಲರೂ ಪಂಡಿತರಾದರು. ಎದುರುಮನೆಯವರು ನೀರು ಚಿಮುಕಿಸಿ ಎಂದರು, ಹಾಲಿನವರು ಸಾಬೂನು ಉಜ್ಜಿ ಎಂದರು. ಗಿರಿಜಾ ದೃಷ್ಟಿಯಾಗಿದೆಯೆಂದು ಲಿಂಬೆಹಣ್ಣು ಕಟ್ಟಿದಳು.

ಕಿರುಗುಟ್ಟುತ್ತಿದ್ದುದು ಎಂಜಿನ್ನಿನ ಪಕ್ಕದಲ್ಲಿ ಓಡುವ ಉದ್ದನೆಯ ರಬ್ಬರ್ ಬೆಲ್ಟು. ಬ್ಯಾಟರಿ, ಏಸಿ, ಸ್ಟೇರಿಂಗು ಎಲ್ಲವೂ ಅದನ್ನೇ ನಂಬಿಕೊಂಡಿರುತ್ತವೆ. ಅದು ಸಡಿಲಾಗದಂತೆ ಒತ್ತಿ ಹಿಡಿಯುವ ಸಣ್ಣ ಗಾಲಿಗೆ ಟೆನ್ಷನರ್ ಎನ್ನುತ್ತಾರೆ. ಇಳಕಲ್ಲಿನ ಮಾವನ ಮನೆಗೆ ಹೋಗುವಾಗ ಹುನಗುಂದದ ಮಲ್ಲೇಶಿಯ ಗ್ಯಾರೇಜಿನಲ್ಲಿ ತೋರಿಸಿದೆ. ಬೆಲ್ಟು ಸೀಳಿದೆ, ಜೊತೆಗೆ ಟೆನ್ಷನರನ್ನೂ ಬದಲಿಸೋಣ ಎಂದ. ನೆಟ್ಟಗೆ ತಿರುಗುವ ಗಾಲಿಯನ್ನು ಬಿಸಾಡಲು ನನಗೇನು ತಲೆ ಕೆಟ್ಟಿದೆಯೇ? ನೀನು ನನಗೆ ಕಲಿಸಬೇಡ, ಬೆಲ್ಟಷ್ಟೇ ಹಾಕು ಎಂದು ಗದರಿದೆ. ಪಾಪ, ಹಾಗೆಯೇ ಹಾಕಿದ.

ಕೆಲವೇ ತಿಂಗಳಲ್ಲಿ ಮತ್ತೆ ಅದೇ ದನಿ, ಅದೂ ನಾದಿನಿಯ ಚೊಚ್ಚಲ ಬಸಿರಿನ ಕುಬಸದ, ಅಂದರೆ ಸೀಮಂತದ ದಿನ. ಬಾಗಲಕೋಟೆಯ ಅವಳ ಗಂಡನ ಮನೆಯಲ್ಲಿ ತವರಿನ ಹಸಿರು ಸೀರೆ ಉಡಿಸಿ ಆರತಿ ಎತ್ತಬೇಕು. ಮಾವನವರನ್ನು ಕರೆತರಲು ನಾನೂ ಗಿರಿಜಾಳೂ ಇಳಕಲ್ಲಿಗೆ ಹೋಗಿದ್ದೆವು. ಮಾವನವರು ಆ ಸೀರೆಯನ್ನು ತಮ್ಮ ಮಗ್ಗದಲ್ಲೇ ನೇಯಿಸಿ, ಚೀಲದಲ್ಲಿಟ್ಟು ತೊಡೆಯ ಮೇಲಿರಿಸಿಕೊಂಡು ಕಾರು ಹತ್ತಿದ್ದರು. ದನಿ ಕೇಳಿದ್ದೇ ತಡ, ಇಳಿದುಬಿಟ್ಟರು. ಜೀವಮಾನವಿಡೀ ಪವರ್‌ಲೂಮ್ ನಡೆಸಿದವರಿಗೆ ಎಲ್ಲ ಬೆಲ್ಟೂ ಒಂದೇ.

"ತಡೀರಿ ಅಳಿಯಾರ. ಮಗ್ಗದ ಬೆಲ್ಟ್ ಜಾರಿದ್ರ ನಾವು ರಾಳ ಉಜ್ಜತೇವಿ," ಎಂದವರೇ ಒಳಗಿನಿಂದ ರಾಳದ ಪುಡಿ ತಂದು ಉಜ್ಜಿದರು. ದನಿ ನಿಂತಿತು. ಮಾವನವರು ಹುಬ್ಬು ಹಾರಿಸಿ ನನ್ನತ್ತ ನೋಡಿದರು. ಹುನಗುಂದ ಇನ್ನೇನು ಬಂತು ಅನ್ನುವಾಗ ಬೆಲ್ಟು ಪಟಾರೆಂದು ಹರಿಯಿತು. ಕೆಂಪು ದೀಪ ಹತ್ತಿತು, ಸ್ಟೇರಿಂಗು ಕಲ್ಲಾಯಿತು.

ನಡುರಸ್ತೆಯಲ್ಲಿ ನಾನು ಅವರಿಗೆ ಅಂದದ್ದನ್ನೆಲ್ಲ ಬರೆಯಲು ನಾಚಿಕೆಯಾಗುತ್ತದೆ. ಇದು ಕಾರು, ನಿಮ್ಮ ಮಗ್ಗವಲ್ಲ ಎಂಬುದೇ ಅದರಲ್ಲಿ ಮೆತ್ತಗಿನ ಮಾತು. ಗಿರಿಜಾ ಬಸ್ಸಿಗೆ ಕೈ ಮಾಡಲೇ ಎಂದರೆ, ಮಲ್ಲೇಶಿಗೆ ಫೋನು ಮಾಡಿದ್ದೇನೆ, ಸುಮ್ಮನಿರು ಎಂದು ಅವಳ ಮೇಲೂ ಹರಿಹಾಯ್ದೆ. ಎರಡು ಬಸ್ಸು ಹೋದವು. ಆಮೇಲೆ ಬಾಗಲಕೋಟೆಯಿಂದ ಫೋನು ಬಂತು. ಮುಹೂರ್ತ ಮೀರುತ್ತದೆಂದು ನಾದಿನಿಗೆ ಅವಳ ಅತ್ತೆಯ ಸೀರೆಯನ್ನೇ ಉಡಿಸಿ ಆರತಿ ಎತ್ತಿದರಂತೆ. ಮಾವನವರು ಚೀಲದ ಮೇಲೆ ಕೈಯಾಡಿಸುತ್ತ ಕೂತರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮಲ್ಲೇಶಿ ಬಂದು ಬಾನೆಟ್ಟಿನೊಳಗೆ ಕೈ ಹಾಕಿದ. ಟೆನ್ಷನರಿನ ಗಾಲಿ ಅಲುಗಲಿಲ್ಲ.

"ರಾಳದ್ದೇನೂ ತಪ್ಪಿಲ್ರಿ ಅಜ್ಜಾರ. ಈ ಗಾಲಿ ಹಿಡಕೊಂಡೈತಿ. ಬೆಲ್ಟಿನ ಜೋಡಿ ಇದನ್ನೂ ಬದಲಿ ಮಾಡಬೇಕಿತ್ತು."

"ಮತ್ತ ಅವಾಗ ಯಾಕ ಮಾಡಲಿಲ್ಲಪಾ? ನಿನಗ ಗೊತ್ತಿರಲಿಲ್ಲೇನು?" ಎಂದರು ಮಾವನವರು.

ಮಲ್ಲೇಶಿ ನನ್ನ ಕಡೆ ನೋಡದೆ ಕೈ ಒರೆಸಿಕೊಂಡ. "ಗೊತ್ತಿತ್ರಿ. ಡಿಪ್ಲೊಮಾದಾಗ ಬೆಲ್ಟಿನ ಪಾಠ ನನಗ ಈ ಸರ್ ಅವರೇ ಹೇಳಿದ್ರಿ. ಬೆಲ್ಟ್ ಬದಲಿ ಮಾಡಿದ್ರ ಟೆನ್ಷನರ್ ಬಿಡಬ್ಯಾಡ್ರಿ ಅಂತ ನೋಟ್ಸ್ ಬರಸಿದ್ರು."

ಆ ನೋಟ್ಸನ್ನು ಕ್ಲಾಸಿನಲ್ಲಿ ಈಗಲೂ ಬರೆಸುತ್ತೇನೆ. ಆ ಸಾಲು ಬಂದಾಗ ಮಾತ್ರ ಸ್ವಲ್ಪ ಮೆಲ್ಲಗೆ ಓದುತ್ತೇನೆ.