ಐದು ಸಾವಿರದ ನಲವತ್ತು

ಕ್ಲೆಮೆಂಟ್ ಟೋಜರನ ಪ್ಯಾಂಟಿನ ಗುಂಡಿ ಕಿತ್ತುಹೋದದ್ದು ಇಗರ್ಜಿಯ ಗೋಪುರದ ಮೆಟ್ಟಿಲು ಹತ್ತುವಾಗ. ಬೆಲ್ಟು ಹಾಕಿರಲಿಲ್ಲ. ಮನೆಗೆ ಓಡಿಹೋಗಿ ಬರೋಣವೆಂದರೆ ಮೇಲೆ ಆರು ಜನ ಹಗ್ಗ ಹಿಡಿದು ಅವನಿಗಾಗಿಯೇ ಕಾದಿದ್ದರು.

ಡೆವನ್ ಸೀಮೆಯ ಆ ಗೋಪುರದಲ್ಲಿ ಏಳು ಗಂಟೆಗಳು, ಏಳು ಹಗ್ಗಗಳು. ಪ್ರತಿ ಸುತ್ತಿನಲ್ಲೂ ಏಳೂ ಒಂದೊಂದು ಸಲ ಬಾರಿಸಬೇಕು. ಆದರೆ ಒಮ್ಮೆ ಬಂದ ಕ್ರಮ ಇನ್ನೊಮ್ಮೆ ಬರಕೂಡದು. ಒಂದನ್ನು ಎರಡರಿಂದ, ಬಂದದ್ದನ್ನು ಮೂರರಿಂದ, ಹೀಗೆ ಏಳರವರೆಗೆ ಗುಣಿಸಿದರೆ ಎಷ್ಟೋ ಅಷ್ಟು ಕ್ರಮಗಳು: ಐದು ಸಾವಿರದ ನಲವತ್ತು. ಒಂದು ಮರುಕಳಿಸಿತೆಂದರೆ ಇನ್ನೊಂದು ತಪ್ಪಿಹೋಯಿತೆಂದೇ ಅರ್ಥ. ಏಳೇ ಏಳು ಗಂಟೆಗಳ ಹೊಟ್ಟೆಯಲ್ಲಿ ಇಷ್ಟೆಲ್ಲ ಅಡಗಿದೆಯಲ್ಲ ಎಂದು ನೆನೆದಾಗಲೆಲ್ಲ ಅಂಚೆ ಹಂಚುವ ಕ್ಲೆಮೆಂಟನಿಗೆ ಮೈ ಜುಮ್ಮೆನ್ನುತ್ತಿತ್ತು.

ಪೂರ್ತಿ ಬಾರಿಸಲು ಮೂರು ತಾಸು. ನಡುವೆ ನಿಲ್ಲಿಸುವಂತಿಲ್ಲ, ಚೀಟಿ ನೋಡುವಂತಿಲ್ಲ. ಮುಗಿಸಿದವರ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಹನ್ನೊಂದು ವರ್ಷದಿಂದ ಕ್ಲೆಮೆಂಟ್ ಆ ಹಲಗೆಯನ್ನು ನೋಡುತ್ತಲೇ ಇದ್ದ.

"ಹೊಟ್ಟೆ ಯಾಕಯ್ಯಾ ಹಿಡ್ಕೊಂಡಿದ್ದೀಯ? ನೋವಾ?" ಎಂದರು ತಂಡದ ಮುಖಂಡ ಲಸ್ಕೂಂಬ್.

"ಭಯಭಕ್ತಿ, ಸಾರ್."

ಗಂಟೆಗಳು ಮೊಳಗಿದವು. ಮೊದಲ ತಾಸು ಕ್ಲೆಮೆಂಟ್ ಕುದುರೆ ಏರಿದವನಂತೆ ಕಾಲು ಅಗಲಿಸಿಕೊಂಡು ನಿಂತ. ಎರಡನೆಯ ತಾಸಿಗೆ ಪ್ಯಾಂಟು ಮೊಣಕಾಲಿಗೆ ಬಂತು. ಎರಡು ಕೈಯೂ ಹಗ್ಗದ ಮೇಲೆ.

ಪಕ್ಕದ ಹಗ್ಗದಲ್ಲಿದ್ದ ಪ್ರೂಡೆನ್ಸ್ ಗಿಡ್ಲಿ ಪಿಸುಗುಟ್ಟಿದಳು: "ಟೋಜರ್ರೇ, ಪ್ಯಾಂಟು!"

"ಗೊತ್ತು ಕಣ್ರೀ!"

"ನಾನೇನೂ ನೋಡ್ಲಿಲ್ಲ ಬಿಡಿ. ಆದ್ರೂ ಹಳದಿ ಚಡ್ಡಿ ನಿಮಗೆ ಒಪ್ಪಲ್ಲ."

"ಬಾಯಿ ಮುಚ್ಚಿ!" ಲಸ್ಕೂಂಬ್ ಗುಡುಗಿದರು.

ಕ್ಲೆಮೆಂಟ್ ಒಂದು ಕೈಯಿಂದ ಪ್ಯಾಂಟನ್ನು ಮೇಲೆಳೆದ. ಅಷ್ಟರಲ್ಲಿ ಲೆಕ್ಕ ಜಾರಿತು. ಯಾರ ಹಿಂದೆ ತಾನು? ಗಾಬರಿಯಲ್ಲಿ ಕೈ ತಾನಾಗಿ ಹಗ್ಗ ಎಳೆಯಿತು. ಮುಂದಿನ ಸುತ್ತಿಗೆ ಲೆಕ್ಕ ಮತ್ತೆ ಸಿಕ್ಕಿತು, ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ. ತಾನು ತಪ್ಪಿದ್ದರೆ, ಎಲ್ಲೋ ಒಂದು ಕ್ರಮ ಹುಟ್ಟದೆಯೇ ಹೋಯಿತು. ಅಂಥ ಸಂಖ್ಯೆಯ ಪಕ್ಕದಲ್ಲಿ ಸುಳ್ಳಾಗಿ ತನ್ನ ಹೆಸರು ಬರೆಸಿಕೊಳ್ಳುವುದೇ? ಒಂದು ತಾಸಿನಷ್ಟು ಒಳಗೊಳಗೇ ಬೆಂದ. ಕೊನೆಗೆ ತನ್ನ ಗಂಟೆಯನ್ನು ತಡೆದು ನಿಲ್ಲಿಸಿಯೇ ಬಿಟ್ಟ.

"ನಿಲ್ಸಿ! ನಾನು ತಪ್ಪಿದ್ದೀನಿ. ಇದು ಪೂರ್ತಿ ಆಗಲ್ಲ!"

ಒಂದೊಂದೇ ಗಂಟೆ ಸುಮ್ಮನಾಯಿತು. ಲಸ್ಕೂಂಬ್ ಬೆಂಚಿನ ಮೇಲೆ ಕುಸಿದರು.

ಮೆಟ್ಟಿಲ ಮೇಲೆ ದಡದಡ ಸದ್ದು. ಇಗರ್ಜಿಯ ಪಕ್ಕದ ಮನೆಯ ನಿವೃತ್ತ ಗಣಿತದ ಟೀಚರ್ ಥರ್ಜಾ ಯೋ ಏದುಸಿರು ಬಿಡುತ್ತ ಬಂದರು. ಚಳಿಗಾಲವಿಡೀ ಕೂತು ಅಷ್ಟೂ ಕ್ರಮಗಳನ್ನು ನೋಟುಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದರು. ಬೆಳಗಿನಿಂದ ತೋಟದಲ್ಲಿ ಕೂತು, ಕೇಳಿದ ಒಂದೊಂದಕ್ಕೂ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು.

"ಯಾಕ್ರೋ ನಿಲ್ಸಿದ್ರಿ? ಒಂದೇ ಒಂದು ತಪ್ಪಿರ್ಲಿಲ್ಲ!"

"ಟೀಚರ್, ಎರಡನೇ ತಾಸಲ್ಲಿ ನಾನು..." ಕ್ಲೆಮೆಂಟ್ ತೊದಲಿದ.

"ಅದೂ ಸರಿಯಾಗೇ ಇತ್ತು ಕಣಪ್ಪಾ. ಹನ್ನೆರಡೇ ಬಾಕಿ ಇದ್ದದ್ದು!"

ಉಳಿದವರೂ ಹಗ್ಗ ಬಿಟ್ಟು ಬೆಂಚಿಗೆ ಬಂದು ಕೂತರು. ನಿಂತ ಮೇಲೆ ಮತ್ತೆ ಒಂದರಿಂದಲೇ ಶುರುಮಾಡಬೇಕು. ಟೀಚರ್ ಮಾತ್ರ ನೋಟುಬುಕ್ಕು ನೋಡುತ್ತ ಕಣ್ಣರಳಿಸಿದರು: "ಐದು ಸಾವಿರದ ನಲವತ್ತು, ಏನು ಸಂಖ್ಯೆ ಅಂತೀರಿ! ಹನ್ನೆರಡರಿಂದಲೂ ಶೇಷ ಇಲ್ದೆ ಭಾಗ ಹೋಗತ್ತೆ. ಒಂದರಿಂದ ಹತ್ತರವರೆಗೆ ಯಾವುದರಿಂದ್ಲಾದ್ರೂ ಹೋಗತ್ತೆ. ಒಟ್ಟು ಅರವತ್ತು ಭಾಜಕಗಳು!"

"ಅರವತ್ತಾ, ಟೀಚರ್?" ಕ್ಲೆಮೆಂಟ್ ಎಲ್ಲವನ್ನೂ ಮರೆತು ಬಾಯಿ ತೆರೆದ.

ಲಸ್ಕೂಂಬ್ ನಿಧಾನವಾಗಿ ತೋಳು ಮಡಚುತ್ತ ಎದ್ದರು. "ಇವನನ್ನ ಎಷ್ಟರಿಂದ ಭಾಗಿಸ್ಬೇಕು, ಮೊದ್ಲು ಅದನ್ನ ಹೇಳಿ ಟೀಚರ್."